ಹಳೇದು ಫಾರಿನ್ನಿಂದ ಬಂದ್ರೆ ಆ್ಯಂಟಿಕ್, ಮನೇಲಿದ್ರೆ ಗುಜರಿ

1/10

ನೇರವಾಗಿ ಕೇಳ್ತೀನಿ, ಬೇಜಾರಾದ್ರೆ ಆಗ್ಲಿ.

ಫಾರಿನ್ ಟೂರಿಂದ ವಾಪಸ್ ಬರುವಾಗ ಟವೆಲ್ಲಲ್ಲಿ ಸುತ್ತಿ, ಸೂಟ್‌ಕೇಸ್ ಮಧ್ಯದಲ್ಲಿಟ್ಟು ಜೋಪಾನವಾಗಿ ತರ್ತೀರಲ್ಲ ಆ "ಆ್ಯಂಟಿಕ್" ಸಾಮಾನು, ಅದು ಯಾರ ಮನೇದು?

ಅಡಿಕೆ ರೇಟು ಕ್ವಿಂಟಾಲಿಗೆ 50 ಸಾವಿರ ದಾಟಿದ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ದುಬೈ ಅಂದ್ರೆ ದಾವಣಗೆರೆ ಇದ್ದಂಗೆ ಆಗಿದೆ. ಗೊಬ್ಬರ, ಔಷಧಿ ಅಂಗಡಿಯವರನ್ನ ಕಂಪನಿಯವರೇ ಬ್ಯಾಂಕಾಕ್‌ಗೆ ಕರ್ಕೊಂಡು ಹೋಗ್ತಾರೆ. ಸಿಮೆಂಟ್ ಡೀಲರ್‌ಗಳಿಗೆ ಇಸ್ತಾಂಬುಲ್. ಟಾರ್ಗೆಟ್ ಮುಟ್ಟಿದ್ರೆ ಸಾಕು. ಹೋಗಿ ಬರ್ಲಿ, ದುಡಿದವರು ನೋಡಬಾರದಾ? ಅಪ್ಪ-ಅಮ್ಮ ವಿಮಾನದ ಕಿಟಕಿ ಪಕ್ಕ ಕೂತಿರೋ ರೀಲ್‌ಗೆ ಹಾರ್ಟ್ ಒತ್ತೋರಲ್ಲಿ ನಾನೇ ಮೊದಲು.

ನನ್ನ ಜಗಳ ಆಮೇಲೆ ಬರೋ ರೀಲ್ ಜೊತೆ. ಹಿತ್ತಾಳೆ ದೀಪ, ಮಾಸಿದ ಕಾಫಿ ಬೀಸೋ ಮಿಲ್ಲು, ಬುದ್ಧನ ತಲೆ, ಮರದ ಮುಖವಾಡ. ಹಿಂದೆ ಒಂದು ಸೂಫಿ ಹಾಡು. ಕೆಳಗೆ "ಆ್ಯಂಟಿಕ್ ಕಲೆಕ್ಷನ್".

ಅದೇ ವಾರ ಅದೇ ಮನೆಯ ಅಟ್ಟದಿಂದ ನಾಲ್ಕು ಕೊಳಗ, ಒಂದು ಹಂಡೆ, ಎರಡು ಪರಾತ ಇಳಿದು ಗೂಡ್ಸ್ ಆಟೋ ಹತ್ತಿರುತ್ತೆ. ಅದರ ರೀಲ್ ಯಾರೂ ಮಾಡಲ್ಲ.

ಹತ್ತು ಪೋಸ್ಟ್ ಬರೀತಿದೀನಿ. ಸೇವ್ ಮಾಡ್ಕೊಳ್ರಿ, ಇಲ್ಲ ಅನ್‌ಫಾಲೋ ಮಾಡ್ರಿ.

2/10

ಫೋಟೋದಲ್ಲಿರೋದು ನಮ್ಮ ದೊಡ್ಡಪ್ಪ ತಂದ ದೀಪ. ಇಸ್ತಾಂಬುಲ್ ಬಜಾರಿಂದ್ದು. 18 ಸಾವಿರ ರೂಪಾಯಿ. ಅಂಗಡಿಯವನು ಹೇಳಿದ್ದು 200 ವರ್ಷ ಹಳೇದು, ಆಟೋಮನ್ ಸುಲ್ತಾನರ ಕಾಲದ್ದು ಅಂತ. (ಇದನ್ನ ದೊಡ್ಡಪ್ಪಂಗೆ ಓದಿ ತೋರ್ಸಿದೀನಿ. "ಬರ್ಕೋ ಹೋಗು" ಅಂದ್ರು. ನಮ್ಮ ದೊಡ್ಡಪ್ಪ ಒಳ್ಳೇರು.)

ಎರಡನೇ ಫೋಟೋ ನೋಡ್ರಿ. ದೀಪದ ತಳ ಬಿಚ್ಚಿದ್ದೀನಿ. ಒಳಗಡೆ ಸ್ಕ್ರೂ, ಎಳೆ ಎಲ್ಲ ಒಂದೇ ಅಳತೆ, ಮೆಷಿನ್ನಲ್ಲಿ ಕೊರೆದದ್ದು. ಹೊರಗೆ ಕಪ್ಪು ಹಿಡಿದಿದೆ, ಒಳಗೆ ಫಳಫಳ. ಇನ್ನೂರು ವರ್ಷ ಉರಿದ ದೀಪಕ್ಕೆ ಎಣ್ಣೆ ಕಪ್ಪು ಒಳಗಲ್ವಾ ಇರಬೇಕು?

ಉತ್ತರಪ್ರದೇಶದ ಮೊರಾದಾಬಾದ್ ಅಂತ ಊರಿದೆ. ಹಿತ್ತಾಳೆ ನಗರ ಅಂತಲೇ ಹೆಸರು. ಅಲ್ಲಿಂದ ಹಿತ್ತಾಳೆ ಸಾಮಾನು ಅಮೆರಿಕಾ, ಯೂರೋಪು, ಅರಬ್ ದೇಶಗಳಿಗೆ ಕಂಟೇನರ್‌ಗಟ್ಟಲೆ ಹೋಗುತ್ತೆ. ಅವರ ಕ್ಯಾಟಲಾಗಲ್ಲಿ "ಆ್ಯಂಟಿಕ್ ಫಿನಿಶ್" ಅಂತ ಒಂದು ಬಗೆಯೇ ಇದೆ. ಬಣ್ಣ ಆರಿಸಿದಂಗೆ ವಯಸ್ಸು ಆರಿಸಬಹುದು. ಕೆಮಿಕಲ್ ಬಳಿದು ಕಪ್ಪು ಮಾಡ್ತಾರೆ, ಉಬ್ಬಿದ ಕಡೆ ಉಜ್ಜಿ ಹೊಳಪು ಬರಿಸ್ತಾರೆ. ಅದರಲ್ಲಿ ಮೋಸ ಏನಿಲ್ಲ, ಫಿನಿಶ್ ಅಂತ ಹೇಳೇ ಮಾರ್ತಾರೆ. ಮೋಸ ಶುರುವಾಗೋದು ಬಜಾರಲ್ಲಿ, ಫಿನಿಶ್ ಅನ್ನೋ ಪದ ಬಿದ್ದುಹೋದಾಗ.

ದೊಡ್ಡಪ್ಪನ ದೀಪ ಮೊರಾದಾಬಾದಿಂದೇ ಅಂತ ನಾನು ಹೇಳ್ತಿಲ್ಲ. ಅಷ್ಟು ಬಲ್ಲವಳಲ್ಲ. ಆದ್ರೆ 18 ಸಾವಿರಕ್ಕೆ ಅವರಿಗೆ ಸಿಕ್ಕ ಬಿಲ್ಲಲ್ಲಿ ಬರೆದಿರೋದು "ಲ್ಯಾಂಪ್, 1" ಅಷ್ಟೇ. ವಯಸ್ಸಿಲ್ಲ. ಊರಿಲ್ಲ. ಬಾಯಲ್ಲಿ ಇನ್ನೂರು ವರ್ಷ, ಕಾಗದದಲ್ಲಿ ಸೊನ್ನೆ.

3/10

ಸರಿ, ಅದು ಅಸಲೀನೇ ಅಂದ್ಕೊಳ್ಳೋಣ. ಆಗ ಇನ್ನೂ ಕಷ್ಟ.

ಟರ್ಕಿಯಲ್ಲಿ 1983ರ ಕಾನೂನು ಪ್ರಕಾರ ಹಳೇ ಕಾಲದ ಸಾಂಸ್ಕೃತಿಕ ವಸ್ತುಗಳನ್ನ ಸುಮ್ನೆ ದೇಶದಿಂದ ಆಚೆ ತಗೊಂಡು ಹೋಗಂಗಿಲ್ಲ, ಮ್ಯೂಸಿಯಂನ ಕಾಗದ ಬೇಕು. ಅಂದ್ರೆ ದೀಪ 200 ವರ್ಷದ್ದೇ ಆಗಿದ್ದಿದ್ರೆ ದೊಡ್ಡಪ್ಪ ಏರ್‌ಪೋರ್ಟಲ್ಲಿ ಸಿಕ್ಕಿಬೀಳ್ತಿದ್ರು. ಅವರ ಪುಣ್ಯ, ಅಂಗಡಿಯವನು ಸುಳ್ಳು ಹೇಳಿದ್ದ!

ಈಜಿಪ್ಟಲ್ಲೂ 1983ರಲ್ಲೇ, 117ನೇ ನಂಬರಿನ ಕಾನೂನು ತಂದು ಪುರಾತನ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿದ್ರು. ಥಾಯ್ಲೆಂಡಲ್ಲಿ ಬುದ್ಧನ ಮೂರ್ತಿ ಹೊರಗೆ ತರೋಕೆ ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಕೇಳ್ತಾರೆ. ಬುದ್ಧನ ತಲೆ ತಂದು ಟಿವಿ ಪಕ್ಕ ಇಟ್ಟೋರು ಇದನ್ನ ಇನ್ನೊಂದ್ಸಲ ಓದ್ರಿ. ಬರೀ ತಲೆ ಇದೆ ಅಂದ್ರೆ ಮೈ ಎಲ್ಲೋಯ್ತು ಅಂತ ಯಾವತ್ತಾದ್ರೂ ಅನ್ನಿಸಿದೆಯಾ?

2022ರ ಮಾರ್ಚಲ್ಲಿ ಬ್ರಿಟನ್ನಿನ ಒಬ್ಬ ನಿವೃತ್ತ ಭೂವಿಜ್ಞಾನಿಯನ್ನ ಬಾಗ್ದಾದ್ ಏರ್‌ಪೋರ್ಟಲ್ಲಿ ಹಿಡಿದ್ರು. 66 ವರ್ಷದ ಮನುಷ್ಯ. ಎರಿದು ಅನ್ನೋ ಪುರಾತನ ಜಾಗಕ್ಕೆ ಟೂರ್ ಹೋದಾಗ ನೆಲದ ಮೇಲೆ ಬಿದ್ದಿದ್ದ ಮಡಕೆ ಚೂರುಗಳನ್ನ ಆರಿಸಿಕೊಂಡಿದ್ರು. ದುಡ್ಡು ಕೊಟ್ಟು ಕೊಂಡದ್ದೂ ಅಲ್ಲ. ಜೂನಲ್ಲಿ 15 ವರ್ಷ ಜೈಲು ಅಂತ ತೀರ್ಪು ಬಂತು. ಮೇಲಿನ ಕೋರ್ಟು ಜುಲೈನಲ್ಲಿ ಅದನ್ನ ರದ್ದು ಮಾಡ್ತು, ಬದುಕಿ ಬಂದ್ರು.

"ಮಡಕೆ ಚೂರಿಗೆ ಹದಿನೈದು ವರ್ಷಾನಾ" ಅಂತ ನಗಬೇಡ್ರಿ. ಅವರ ಊರಿನ ಮಡಕೆ ಚೂರಿಗೆ ಅವರು ಬೆಲೆ ಕಟ್ಟಿರೋ ರೀತಿ ಅದು. ನಮ್ಮ ಊರಿನ ಇಡೀ ಹಂಡೆಗೆ ನಾವು ಕಟ್ಟಿರೋ ಬೆಲೆ ಕೆಜಿ ಲೆಕ್ಕದ್ದು.

4/10

ನಿನ್ನೆ ಒಬ್ಬ ಅಣ್ಣ ಮೆಸೇಜ್ ಮಾಡಿದ್ರು. "ನಮ್ಮದೇ ಸಾಮಾನು ಫಾರಿನ್ನಲ್ಲಿ ಸಿಕ್ರೆ ಕೊಂಡು ತರೋದು ಒಳ್ಳೇದಲ್ವೇನಮ್ಮ? ಮಲ್ಯ ತರಲಿಲ್ವಾ ಟಿಪ್ಪು ಕತ್ತಿ?"

ಮಾತಾಡೋಣ. (ಟಿಪ್ಪು ಒಳ್ಳೇನಾ ಕೆಟ್ಟೋನಾ ಅನ್ನೋ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಪೇಜ್‌ಗಳಿವೆ.)

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಮೇಲೆ ನಡೆದದ್ದು ಲೂಟಿ. ಲೂಟಿ ಮಾಡಿದ್ದನ್ನ ಹಂಚೋಕೆ ಕಂಪನಿ ಸೈನ್ಯದಲ್ಲಿ ಒಂದು ಕಮಿಟಿನೇ ಇತ್ತು, ಯಾವ ಆಫೀಸರ್‌ಗೆ ಎಷ್ಟು, ಯಾವ ಸಿಪಾಯಿಗೆ ಎಷ್ಟು ಅಂತ. ಪಾರ್ಟ್‌ನರ್‌ಶಿಪ್ ಅಕೌಂಟ್ಸಲ್ಲಿ ಲಾಭ ಹಂಚ್ತೀವಲ್ಲ, ಥೇಟ್ ಹಂಗೆ. ಅವತ್ತು ಪಟ್ಟಣದ ಸೆರೆಯಿಂದ ಹೊರಗೆ ಬಂದೋರಲ್ಲಿ ಧೋಂಡಿಯಾ ವಾಘ್ ಒಬ್ಬ. ನಮ್ಮ ಚನ್ನಗಿರಿಯಲ್ಲಿ ಹುಟ್ಟಿದವನು. ಒಂದು ವರ್ಷ ಬ್ರಿಟಿಷರನ್ನ ಓಡಾಡಿಸಿ 1800ರ ಸೆಪ್ಟೆಂಬರಲ್ಲಿ ಸತ್ತ. ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು? ಬಿಡ್ರಿ, ಅದು ಇನ್ನೊಂದು ಸೀರೀಸ್.

ಆ ಲೂಟಿಯ ಸಾಮಾನು ಇನ್ನೂರು ವರ್ಷದಿಂದ ಲಂಡನ್ ಹರಾಜುಗಳಲ್ಲಿ ಕೈ ಬದಲಾಯಿಸ್ತಾನೇ ಇದೆ. 2003ರಲ್ಲಿ ವಿಜಯ್ ಮಲ್ಯ ಅಲ್ಲಿ ಒಂದು ಕತ್ತಿ ಕೊಂಡ್ರು, ಸುಮಾರು ಒಂದೂವರೆ ಕೋಟಿ ರೂಪಾಯಿಗೆ. 2009ರ ಮಾರ್ಚಲ್ಲಿ ನ್ಯೂಯಾರ್ಕಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ, ಬಟ್ಟಲು. 18 ಲಕ್ಷ ಡಾಲರ್. ದೇಶಕ್ಕೆ ದೇಶವೇ ಚಪ್ಪಾಳೆ ಹೊಡೀತು.

2018ರಲ್ಲಿ ಸಾಲ ಕೊಟ್ಟ ಬ್ಯಾಂಕಿನವರು ಲಂಡನ್ ಕೋರ್ಟಲ್ಲಿ ಆಸ್ತಿ ಲೆಕ್ಕ ಕೇಳಿದಾಗ ಬಂದ ಉತ್ತರ ಏನು ಗೊತ್ತಾ? ಕತ್ತಿ 2016ರಲ್ಲೇ ಬೇರೆಯವರಿಗೆ ಕೊಟ್ಟಾಯ್ತು, ಅದು ಮನೆಗೆ ಕೇಡು ತರುತ್ತೆ ಅಂತ ಮನೆಯವರು ಅಂದ್ರು.

ಒಬ್ಬ ಸಾಹುಕಾರ ಕೊಂಡು ತಂದ್ರೆ ಅದು ಸಾಹುಕಾರನ ಮನೆಗೆ ಬಂದಂಗೆ, ಊರಿಗೆ ಬಂದಂಗಲ್ಲ. 2023ರ ಮೇನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಲ್ಲಿ ಟಿಪ್ಪುವಿನ ಮಲಗೋ ಕೋಣೆಯ ಕತ್ತಿ ಅಂತ ಒಂದು 1 ಕೋಟಿ 40 ಲಕ್ಷ ಪೌಂಡ್‌ಗೆ ಹೋಯ್ತು. ನಮ್ಮ ಹಳೇದಕ್ಕೆ ಫಾರಿನ್ನಲ್ಲಿ ಇಷ್ಟು ರೇಟಿದೆ ಅಂತ ಹೆಮ್ಮೆ ಪಟ್ಕೊಂಡು ಶೇರ್ ಮಾಡಿದೋರೂ ಇದ್ರು. ರೇಟು ಸರಿ. ದುಡ್ಡು ಯಾರ ಜೇಬಿಗೆ ಹೋಯ್ತು?

5/10

ಈಗ ಮನೆಗೆ ಬರೋಣ. ಬಿಕಾಂ ಓದ್ತಿದೀನಿ, ಲೆಕ್ಕ ಹಾಕದೇ ಇರೋಕಾಗಲ್ಲ.

ಗೂಡ್ಸ್ ಆಟೋಗೆ ಮೈಕ್ ಕಟ್ಕೊಂಡು ಬರ್ತಾನೆ. "ಹಳೇ ಹಿತ್ತಾಳೆ, ಹಳೇ ತಾಮ್ರ, ಹಳೇ ಪಾತ್ರೇ..." ನಮ್ಮ ಅಜ್ಜಿ ಊರಲ್ಲಿ ಹಿತ್ತಾಳೆಗೆ ಕೆಜಿಗೆ 480 ಹೇಳಿದ. ನೀರಿನ ಕೊಳಗ ಮೂರೂವರೆ ಕೆಜಿ. 1,680 ಆಯ್ತು. "ಮಣ್ಣು, ಕಿಲುಬು ಕಳೀಬೇಕು" ಅಂತ 1,600 ಕೊಟ್ಟ. ಪಕ್ಕದ ಮನೆಯವರಿಗೆ ದುಡ್ಡೂ ಕೊಡಲಿಲ್ಲ, ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಹೋದ.

ಅಂಥದ್ದೇ ಕೊಳಗ, ಅದೇ ಹೊಟ್ಟೆ, ಅದೇ ಕಂಠ, ಬೆಂಗಳೂರಿನ ಒಂದು ಡೆಕೋರ್ ಅಂಗಡಿಯಲ್ಲಿ ಒಣಗಿದ ಹುಲ್ಲು ಸಿಕ್ಕಿಸ್ಕೊಂಡು ನಿಂತಿತ್ತು. 9,500. ಸುಮಾರು ಆರು ಪಟ್ಟು. ಅದಕ್ಕೆ ಹೊಸದಾಗಿ ಸೇರಿದ್ದು ಒಂದು ಚೀಟಿ ಮಾತ್ರ, "ವಿಂಟೇಜ್ ಕರ್ನಾಟಕ".

ಕಸ್ಟಮ್ಸ್ ಪಟ್ಟಿಯಲ್ಲಿ ಪ್ರತಿ ಸರಕಿಗೂ ಒಂದು ಕೋಡ್ ಇರುತ್ತೆ. ತಾಮ್ರ, ಹಿತ್ತಾಳೆ ಗುಜರಿ ಅಂದ್ರೆ 7404. ನೂರು ವರ್ಷ ದಾಟಿದ ಆ್ಯಂಟಿಕ್ ಅಂದ್ರೆ 9706. ನಿಮ್ಮ ಮುತ್ತಜ್ಜಿಯ ಕೊಳಗ ಯಾವ ಕೋಡಿಗೆ ಹೋಗಬೇಕು ಅಂತ ತೀರ್ಮಾನ ಮಾಡ್ತಿರೋದು ಆಟೋದವನು. ಅವನನ್ನ ಬೈತಿಲ್ಲ. ಬಿಸಿಲಲ್ಲಿ ಊರೂರು ತಿರುಗಿ ಹೊಟ್ಟೆ ಹೊರೀತಾನೆ, ಅವನಿಗೆ ಸಿಗೋದೂ ತೂಕದ ಲಾಭವೇ. ಅವನ ಹಿಂದೆ ಇನ್ನೊಬ್ಬ ಬರ್ತಾನೆ, ಕಾರಲ್ಲಿ. ಅವನು ತಕ್ಕಡಿ ತರಲ್ಲ. ಕಣ್ಣಲ್ಲೇ ಆರಿಸ್ತಾನೆ, ಕೆಜಿ ರೇಟಿನ ಮೇಲೆ ಇನ್ನೂರು ಜಾಸ್ತಿ ಕೊಟ್ಟು ಧಾರಾಳಿ ಅನ್ನಿಸ್ಕೊಂತಾನೆ.

ಅವನು ಹೋದ ವಾರ ನಮ್ಮ ಅಜ್ಜಿ ಮನೆ ಬಾಗಿಲು ನೋಡಿಕೊಂಡು ಹೋದ. ಸಂತೆಬೆನ್ನೂರು ಹತ್ರದ ಹಳ್ಳಿ, ಹತ್ತು ಕಂಬದ ಪಡಸಾಲೆ. ಅಣ್ಣ-ತಮ್ಮಂದಿರ ಭಾಗ ಆಗಿದೆ, ಮನೆ ಕೆಡವಿ ಆರ್‌ಸಿಸಿ ಹಾಕ್ತಾರೆ. ಬಾಗಿಲು, ಬಾಗಿಲುವಾಡ ಸೇರಿ 35 ಸಾವಿರ ಅಂದಿದಾನೆ. ಹತ್ತು ಕಂಬಕ್ಕೆ "ಆಮೇಲೆ ನೋಡೋಣ". ಇಂಥ ಬಾಗಿಲುಗಳು ಕಾರೈಕುಡಿ ಬೀದಿಯಲ್ಲೋ, ಕೊಚ್ಚಿಯ ಮಟ್ಟಾಂಚೇರಿ ಅಂಗಡಿಗಳಲ್ಲೋ ಗೋಡೆಗೆ ಒರಗಿ ನಿಂತಿರ್ತವೆ. ಅಲ್ಲಿಗೆ ಬಂದ ಟೂರಿಸ್ಟ್ ಕೇಳ್ತಾನೆ, ಇದು ಯಾವೂರದು? ಅಂಗಡಿಯವನು ಬಾಯಿಗೆ ಬಂದದ್ದು ಹೇಳ್ತಾನೆ. ಅವನ ಕಣ್ಣಿಗೆ ಅಲ್ಲಿ ಅಂಗಡಿಯವನು ನಮ್ಮ ದೊಡ್ಡಪ್ಪನಿಗೆ ಸಿಕ್ಕವನ ತರಾನೇ, ನಾವು ಕಾಣೋದೇ ಇಲ್ಲ.

6/10

ಈ ಫೋಟೋ ಜೂಮ್ ಮಾಡ್ರಿ. ಕೊಳಗದ ಕಂಠದ ಕೆಳಗೆ ಚುಕ್ಕಿ ಚುಕ್ಕಿ ಕಾಣುತ್ತಲ್ಲ?

ಅಜ್ಜಿ ಹೆಸರು. ಅವರ ತವರೂರು. 1961. ಮದುವೆಗೆ ಕೊಟ್ಟ ಪಾತ್ರೆ ಮೇಲೆ ಪಾತ್ರೆ ಅಂಗಡಿಯವನೇ ಮೊಳೆ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಟಕಟಕ ಅಂತ ಕೊರೆದು ಕೊಡ್ತಿದ್ನಂತೆ, ಅಕ್ಷರಕ್ಕೆ ಇಷ್ಟು ಅಂತ. ಕಾಸು ಕಮ್ಮಿ ಇದ್ದೋರು ಇನಿಷಿಯಲ್ ಅಷ್ಟೇ ಹಾಕ್ಸೋರು.

ದೊಡ್ಡ ದೊಡ್ಡ ಮ್ಯೂಸಿಯಂಗಳು, ಹರಾಜು ಕಂಪನಿಗಳು ಒಂದು ವಸ್ತುವಿಗೆ ಕೋಟಿ ಕೊಡೋ ಮುಂಚೆ ಹುಡುಕೋದು ಇದನ್ನೇ. ಯಾರ ಕೈಯಿಂದ ಯಾರ ಕೈಗೆ, ಯಾವ ಊರಿಂದ, ಯಾವ ವರ್ಷ. ಅದಕ್ಕೆ ಕಾಗದ ಇಲ್ಲದಿದ್ರೆ ಕೆಲವರು ಸುಳ್ಳು ಕಾಗದ ಹುಟ್ಟಿಸ್ತಾರೆ. ನಮ್ಮ ಅಜ್ಜಿಯಂದಿರ ಪಾತ್ರೆಗಳಲ್ಲಿ ಅದು ಲೋಹದ ಮೇಲೇ ಇದೆ, ಹುಟ್ಟಿದಾಗಿನಿಂದ.

ಗುಜರಿಯಲ್ಲಿ ಅದು ಕರಗುತ್ತೆ. ಡೆಕೋರ್ ಅಂಗಡಿಯಲ್ಲಿ ಬಫಿಂಗ್ ಚಕ್ರಕ್ಕೆ ಕೊಟ್ಟು ಅಳಿಸ್ತಾರೆ, ಕೊಳ್ಳೋರಿಗೆ ಬೇರೆಯವರ ಹೆಸರಿದ್ರೆ ಇಷ್ಟ ಆಗಲ್ಲ ಅಂತ. ಹಳೇದು ಬೇಕು, ಹಳಬರು ಬೇಡ.

7/10

"ಅಷ್ಟು ಪ್ರೀತಿ ಇದ್ರೆ ನೀನೇ ತಿಕ್ಕು" ಅಂತ ನಮ್ಮಮ್ಮ ಅಂದ್ರು.

ಈ ಮಾತಿಗೆ ನಾನು ತಲೆ ಬಾಗಿಸ್ತೀನಿ. ಹಿತ್ತಾಳೆ ಪಾತ್ರೆ ಬಗ್ಗೆ ಕವಿತೆ ಥರ ಪೋಸ್ಟ್ ಹಾಕೋರು ಯಾವತ್ತೂ ಹುಣಸೆಹಣ್ಣು, ಬೂದಿ ಹಾಕಿ ಹಂಡೆ ತಿಕ್ಕಿದೋರಲ್ಲ. ತಿಕ್ಕಿದೋರು ಸ್ಟೀಲ್ ಬಂದಾಗ ಖುಷಿಪಟ್ರು. ಅವರ ಸೊಂಟ ಉಳೀತು.

ಇನ್ನೊಂದು ಕಾರಣ ಕಲಾಯಿ. ಹಿತ್ತಾಳೆ ಪಾತ್ರೇಲಿ ಹುಳಿ ಅಡುಗೆ ಮಾಡ್ಬೇಕು ಅಂದ್ರೆ ಒಳಗೆ ತವರದ ಲೇಪ ಇರಬೇಕು, ಇಲ್ದಿದ್ರೆ ಸಾರು ಕಿಲುಬಾಗುತ್ತೆ, ವಾಂತಿಯಾಗುತ್ತೆ. ಆ ಲೇಪ ಸವೆಯುತ್ತೆ, ಆವಾಗಾವಾಗ ಮತ್ತೆ ಹಾಕಿಸ್ತಿರಬೇಕು. ಮೊದಲು ಕಲಾಯಿ ಹಾಕೋರು ಊರೂರಿಗೆ ಬಂದು, ಗುಂಡಿ ತೋಡಿ, ತಿದಿ ಒತ್ತಿ, ನವಸಾಗರದ ಹೊಗೆ ಎಬ್ಬಿಸಿ ಕೆಲಸ ಮಾಡಿ ಹೋಗ್ತಿದ್ರು. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋದ್ರು. ಕಲಾಯಿ ಇಲ್ಲದ ಪಾತ್ರೆ ಅಟ್ಟ ಸೇರ್ತು. ಅಟ್ಟದಲ್ಲಿರೋದು ಕಣ್ಣಿಗೆ ಬೀಳಲ್ಲ, ಕಣ್ಣಿಗೆ ಬೀಳದ್ದು ಗುಜರಿಗೆ ಹೋಗುತ್ತೆ. ನಮ್ಮ ಸಂಸ್ಕೃತಿ ಅಭಿಮಾನ ಕಮ್ಮಿಯಾಗಿ ಹಿಂಗಾಯ್ತು ಅಂತ ಭಾಷಣ ಮಾಡೋರಿಗೆ ಹೇಳ್ರಿ, ಕಲಾಯಿ ಹಾಕೋರು ಬರೋದು ನಿಂತು ಹಿಂಗಾಯ್ತು.

ಹಂಗಾಗಿ ದಿನಾ ಬಳಸ್ರಿ ಅಂತ ನಾನು ಹೇಳಲ್ಲ. ಮಾರಲೇಬೇಡ್ರಿ ಅಂತಲೂ ಹೇಳಲ್ಲ. ಮಗಳ ಹಾಸ್ಟೆಲ್ ಫೀಸು ಕಟ್ಟೋಕೆ ಹಂಡೆ ಮಾರಿದ್ರೆ ಆ ಹಂಡೆ ತನ್ನ ಕೆಲಸ ಮಾಡ್ತು. ಆದ್ರೆ ಸಾಮಾನಿನ ರೇಟಿಗೆ ಮಾರ್ರಿ, ಲೋಹದ ರೇಟಿಗಲ್ಲ. ಮೂರು ಕಡೆ ಕೇಳ್ರಿ. ಅಡಿಕೆಗೆ ಚನ್ನಗಿರಿ, ಶಿವಮೊಗ್ಗ, ಭೀಮಸಮುದ್ರ ಮೂರೂ ಮಾರ್ಕೆಟ್ ರೇಟು ನೋಡದೆ ಚೀಲ ಎತ್ತದ ನಾವು, ಮುತ್ತಜ್ಜಿ ಸಾಮಾನಿಗೆ ಬಾಗಿಲಿಗೆ ಬಂದ ಮೊದಲನೇ ರೇಟು ಒಪ್ತೀವಿ.

8/10

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಗೊತ್ತಲ್ಲ, ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯಲ್ಲಿ ಜಯಂತಿಗೆ ಬೇರೆ ರಾಜ್ಯಗಳಿಂದೆಲ್ಲ ಜನ ಬರ್ತಾರೆ. ಆ ಕಡೆ ತಾಂಡಾದವಳು ನನ್ನ ಕ್ಲಾಸ್‌ಮೇಟ್. ಅವಳ ಅಜ್ಜಿಯ ಹಳೇ ಫೇಟಿಯಾ, ಕಾಂಚಳಿ ತೋರಿಸಿದ್ಲು. ಕನ್ನಡಿ ಚೂರು, ಕವಡೆ, ಒಂದು ಇಂಚಲ್ಲಿ ನೂರು ಹೊಲಿಗೆ. ವರ್ಷಗಟ್ಟಲೆ ಕೂತು ಮಾಡಿದ್ದು.

ಇಂಥವನ್ನ ತಾಂಡಾಗಳಲ್ಲಿ ಕೊಂಡು, ಕತ್ತರಿಸಿ, ಪರ್ಸು, ಬ್ಯಾಗು, ದಿಂಬಿನ ಕವರು ಮಾಡಿ ಗೋವಾದ ಅಂಜುನಾ ಸಂತೆಯಲ್ಲಿ, ಹಂಪಿಯಲ್ಲಿ ಫಾರಿನರ್ಸ್‌ಗೆ ಮಾರ್ತಾರೆ. ಯೂರೋಪಿನ ಆನ್‌ಲೈನ್ ಅಂಗಡಿಗಳಲ್ಲಿ "ವಿಂಟೇಜ್ ಬಂಜಾರಾ" ಅಂತ ಹುಡುಕಿ ನೋಡ್ರಿ. ಅವರ ಟ್ರಿಪ್ಪಿನ ಶಾಪಿಂಗ್ ನಮ್ಮ ಅಜ್ಜಿಯಂದಿರ ಮೈಮೇಲಿನ ಬಟ್ಟೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ, ಹೊಸದಾಗಿ ಹೊಲಿಯೋರಿಗೆ ಅದು ಒಳ್ಳೇದೇ. ಕತ್ತರಿಸಿಹೋದ ಹಳೇ ಫೇಟಿಯಾಗೆ ಯಾವ ಟ್ಯಾಗೂ ಇಲ್ಲ.

ಕಾನೂನು ಇಲ್ವಾ ಅಂದ್ರೆ ಇದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ. ನೂರು ವರ್ಷ ಆಗಿರೋ ವಸ್ತುವನ್ನ ಖಾಸಗಿಯವರು ದೇಶದಿಂದ ಆಚೆ ಕಳಿಸಂಗಿಲ್ಲ. ಕಳಿಸಿದ್ರೆ ಆರು ತಿಂಗಳಿಂದ ಮೂರು ವರ್ಷ ಜೈಲು, ದಂಡ. ಅಂಥದ್ದರ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ಮಹತ್ವದ ಹಸ್ತಪ್ರತಿಗಾದ್ರೆ 75 ವರ್ಷ ಸಾಕು. ಓದಿದಾಗ ಸಮಾಧಾನ ಆಯ್ತು. ಆಮೇಲೆ ಲೆಕ್ಕ ಹಾಕಿದೆ. ಅಜ್ಜಿಯ ಕೊಳಗ 1961ರದ್ದು. ಫೇಟಿಯಾಗೆ ಅರವತ್ತು ಇರಬಹುದು. ಕಾನೂನಿನ ಕಣ್ಣಲ್ಲಿ ಇವು ಇನ್ನೂ ಹಳೇದೇ ಆಗಿಲ್ಲ. ನೂರು ತುಂಬೋ ಹೊತ್ತಿಗೆ ಒಂದೂ ಇಲ್ಲಿ ಇರಲ್ಲ.

ಜಗಳೂರು ಕಡೆ ಕಥೆ ಬೇರೆ. ಸೋದರತ್ತೆ ಮನೆ ಅಲ್ಲಿ. ಅಲ್ಲಿ ಅಟ್ಟ ಖಾಲಿ. "ಬರಗಾಲ ಬಂದಾಗೆಲ್ಲ ಒಂದೊಂದು ಹೋಯ್ತು ಬಿಡೇ" ಅಂದ್ರು ಅತ್ತೆ. ಮೊದಲು ಕಂಚು, ಆಮೇಲೆ ತಾಮ್ರ, ಕೊನೆಗೆ ಬೆಳ್ಳಿ ಉಡಿದಾರ. ಅವರಿಗೆ ಈ ಹತ್ತು ಪೋಸ್ಟ್ ಬೇಕಾಗಿಲ್ಲ. ಇದು ಬೇಕಾಗಿರೋದು ಹೊಟ್ಟೆ ತುಂಬಿ, ಹೊಸ ಮನೆಗೆ ಇಂಟೀರಿಯರ್ ಮಾಡಿಸ್ತಿರೋ ನಮಗೆ.

9/10

ಫೋಟೋ ಹಾಕೋ ಆ್ಯಪಲ್ಲಿ ಇದನ್ನೆಲ್ಲ ಬರೀತಿರೋದಕ್ಕೆ ಕಾರಣ ಇದೆ.

ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂತಾನ್ ಅನ್ನೋ ಹಳ್ಳಿಯ ದೇವಸ್ಥಾನದಿಂದ ಒಂದು ಚೋಳರ ಕಾಲದ ನಟರಾಜ ಕಳುವಾಯ್ತು. ಅದು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಕೈ ಸೇರ್ತು. 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಅದನ್ನ ಸುಮಾರು 50 ಲಕ್ಷ ಡಾಲರ್‌ಗೆ ಕೊಂಡ್ತು. ಕಾಗದ ಪತ್ರ ಎಲ್ಲ ಇತ್ತು. ಎಲ್ಲ ಸುಳ್ಳು. ಅಷ್ಟು ದೊಡ್ಡ ಗ್ಯಾಲರಿಯವರೇ ಫಾರಿನ್ ಶಾಪಿಂಗಲ್ಲಿ ಮೋಸ ಹೋದ್ರು, ನಮ್ಮ ದೊಡ್ಡಪ್ಪ ಯಾವ ಲೆಕ್ಕ.

ಆ ಮೂರ್ತಿ ಅದೇ ಊರಿಂದು ಅಂತ ತೋರಿಸೋಕೆ ಸಹಾಯಕ್ಕೆ ಬಂದದ್ದು ಹಳೇ ಫೋಟೋಗಳು. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು ತಮಿಳುನಾಡಿನ ದೇವಸ್ಥಾನಗಳನ್ನೆಲ್ಲ ಸುತ್ತಿ ಮೂರ್ತಿಗಳ ಫೋಟೋ ತೆಗೆದು ಇಟ್ಟಿದ್ರು. ಪಕ್ಕಪಕ್ಕ ಇಟ್ಟು ನೋಡಿದ್ರು. 2014ರ ಸೆಪ್ಟೆಂಬರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದಾಗ ನಟರಾಜ ವಾಪಸ್ ಬಂದ. ಕಪೂರ್‌ಗೆ 2022ರಲ್ಲಿ ಕುಂಭಕೋಣಂ ಕೋರ್ಟು 10 ವರ್ಷ ಶಿಕ್ಷೆ ಕೊಡ್ತು. 2024ರಲ್ಲಿ ಅಮೆರಿಕಾ ಒಂದೇ ಸಲ 297 ವಸ್ತು ವಾಪಸ್ ಕೊಡೋಕೆ ಒಪ್ಪಿತು. ಕಳುವಾದದ್ದು ಬರುತ್ತೆ, ಎಲ್ಲಿಂದ ಹೋಯ್ತು ಅಂತ ತೋರಿಸೋಕೆ ಏನಾದ್ರೂ ಇದ್ರೆ.

ನಮ್ಮ ಹತ್ರ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಸಂತೆಬೆನ್ನೂರು ಪುಷ್ಕರಣಿ ಮುಂದೆ ಪ್ರೀ-ವೆಡ್ಡಿಂಗ್ ಶೂಟ್ ಸಾವಿರ ಇವೆ. ಆ ಕಲ್ಲು ಮಂಟಪದ ಒಂದು ಕೆತ್ತನೆ ನಾಳೆ ಮಾಯ ಆದ್ರೆ, ಮೊದಲು ಅಲ್ಲಿ ಏನಿತ್ತು ಅಂತ ತೋರಿಸೋ ಫೋಟೋ ಅದರಲ್ಲಿ ಎಷ್ಟಿವೆ? ಎಲ್ಲದರಲ್ಲೂ ಲೆಹೆಂಗಾ ಅಡ್ಡ ಇದೆ.

10/10

ಓಲೆಗರಿ ಬಗ್ಗೆ ಒಂದು ಮಾತು, ಹೊನ್ನಾಳಿ ಕಡೆ ಹಳೇ ಮನೆಯವರಿಗೆ ಮುಖ್ಯವಾಗಿ. ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿದ ಕಟ್ಟು ಇದ್ರೆ ಮಾರಬೇಡ್ರಿ, ಹೊಳೆಗೂ ಬಿಡಬೇಡ್ರಿ. ಕೌಟಿಲ್ಯನ ಅರ್ಥಶಾಸ್ತ್ರ ಶತಮಾನಗಳ ಕಾಲ ಕಳೆದೇ ಹೋಗಿತ್ತು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ಓಲೆಗರಿ ಕಟ್ಟು ತಂದುಕೊಟ್ರು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿ, 1909ರಲ್ಲಿ ಅಚ್ಚು ಹಾಕಿಸಿದ್ರು. ಎಕನಾಮಿಕ್ಸ್ ಮೇಡಂ ಕೌಟಿಲ್ಯ ಅಂದಾಗೆಲ್ಲ ನನಗೆ ಆ ಪಂಡಿತರು ನೆನಪಾಗ್ತಾರೆ. ಅವರ ಬಾಗಿಲಿಗೂ ಕಾರಲ್ಲಿ ಯಾರಾದ್ರೂ ಬಂದಿದ್ರೆ?

ಮಣಿಪಾಲಕ್ಕೆ ಹೋದ್ರೆ ಬೀಚ್ ಒಂದೇ ನೋಡಿ ಬರಬೇಡ್ರಿ, ಹೆರಿಟೇಜ್ ವಿಲೇಜ್ ನೋಡ್ರಿ. ವಿಜಯನಾಥ ಶೆಣೈ ಅಂತ, ಬ್ಯಾಂಕ್ ನೌಕರರಾಗಿದ್ದೋರು, ಜನ ಕೆಡವ್ತಿದ್ದ ಹಳೇ ಮನೆಗಳನ್ನ ತೊಲೆ, ಜಂತಿ ಸಮೇತ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ರು. ಕುಕನೂರಿನ ಕಮಲ ಮಹಲು ಅಲ್ಲಿದೆ. ಪ್ರತಿ ಮನೆ ಎಲ್ಲಿಂದ ಬಂತು ಅಂತ ಹೆಸರು ಇದೆ. ಕೊಳ್ಳೋದಿದ್ರೆ ಹಂಗೆ ಕೊಳ್ಳಬೇಕು.

ನಾನು ಮಾಡಿದ್ದು ಇಷ್ಟು. ಭಾನುವಾರ ಅಜ್ಜಿ ಮನೆ ಅಟ್ಟ ಹತ್ತಿ, ಸ್ಟಾಕ್ ರಿಜಿಸ್ಟರ್ ಥರ ಗೆರೆ ಹಾಕಿ ಬರ್ಕೊಂಡೆ. ಸಾಮಾನು, ತೂಕ, ಅಳತೆ, ಮೇಲಿರೋ ಹೆಸರು, ಅಜ್ಜಿ ಹೇಳಿದ ಕಥೆ. ಸ್ಕೇಲ್ ಪಕ್ಕ ಇಟ್ಟು ಫೋಟೋ. ಒಟ್ಟು 41. ಅಡಕತ್ತರಿ ಆರು (ಅದರಲ್ಲಿ ಒಂದು ಗಿಣಿ ಆಕಾರದ್ದು, ಅದನ್ನ ನಾನು ಕೇಳ್ಕೊಂಡಾಯ್ತು). ಕಂಬ ಹತ್ತಕ್ಕೂ ನಂಬರ್ ಹಾಕಿದೆ. ದೇವರ ಮನೆ ಮೂರ್ತಿಗಳ ಫೋಟೋ ತೆಗೆದೆ, ಇಲ್ಲಿ ಹಾಕಲ್ಲ. ನೀವೂ ಹಾಕಬೇಡ್ರಿ, ಊರ ಹೆಸರಿನ ಜೊತೆ ಅಂತೂ ಬೇಡವೇ ಬೇಡ. ಕಳ್ಳರೂ ಸ್ಕ್ರೋಲ್ ಮಾಡ್ತಾರೆ. ಬಾಗಿಲಿನ ವಿಷಯಕ್ಕೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಬುಧವಾರ ಕೂರ್ತಾರೆ. ಹೊಸ ಮನೆಗೇ ಅದನ್ನ ಕೂರಿಸೋಕೆ ಬಡಗಿ 22 ಸಾವಿರ ಹೇಳಿದಾನೆ, ಆ ಚೀಟಿ ಅಪ್ಪನ ಜೇಬಲ್ಲಿಟ್ಟಿದೀನಿ.

41ರಲ್ಲಿ ಒಂದು ತಾಮ್ರದ ಬಿಂದಿಗೆ. ಅದರ ಮೇಲಿನ ಹೆಸರು ನಮ್ಮ ಮನೆಯವರದಲ್ಲ. ಅಜ್ಜಿ ಹೇಳೋ ಪ್ರಕಾರ ಬರದ ವರ್ಷ ಜಗಳೂರು ಕಡೆಯಿಂದ ಭದ್ರಾ ಚಾನಲ್ ಊರುಗಳಿಗೆ ನಾಟಿ ಕೂಲಿಗೆ ಬಂದಿದ್ದ ಒಂದು ಸಂಸಾರ ಎರಡು ಚೀಲ ಭತ್ತಕ್ಕೆ ಅದನ್ನ ಅಜ್ಜನ ಹತ್ರ ಇಟ್ಟು ಹೋಯ್ತಂತೆ. ಬಿಡಿಸ್ಕೊಳ್ಳೋಕೆ ಬರಲಿಲ್ಲ. ಕೊನೇ ಫೋಟೋ ಅದೇ. ಹೆಂಗಸರ ಹೆಸರು, ಮೊದಲ ಎರಡು ಅಕ್ಷರ ಕಾಣುತ್ತೆ, ಮಿಕ್ಕಿದ್ದು ಸವೆದಿದೆ. ಕೆಳಗೆ ಊರ ಹೆಸರು, ಕೊನೆಯಲ್ಲಿ "ಹಳ್ಳಿ" ಅಂತಷ್ಟೇ ಓದೋಕೆ ಬರುತ್ತೆ. ಜಗಳೂರು ಕಡೆಯೋರು ಯಾರಾದ್ರೂ ಜೂಮ್ ಮಾಡಿ ನೋಡ್ರಿ. ನಿಮ್ಮ ಮನೆ ಅಜ್ಜಿಯಂದಿರಿಗೆ ತೋರ್ಸ್ರಿ. ಗೊತ್ತಾದ್ರೆ ಮೆಸೇಜ್ ಮಾಡ್ರಿ, ನಾನೇ ತಗೊಂಡು ಬರ್ತೀನಿ.

#ಯಾರಮನೇದು #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ಅಜ್ಜಿಯಕೊಳಗ